ಕೂಗಳತೆಯ ದೂರ: ಹಿರಿಯರ ಕಣ್ಣಿನಲ್ಲಿ ಕಾಸರಗೋಡಿನ ಮನೆ

ಬ್ಯಾಂಕಿನ ಗುಮಾಸ್ತನೊಬ್ಬ ಚರಿತ್ರೆ ಬರೆಯಹೊರಡುವುದು ಕೆಲವರಿಗೆ ಅಧಿಕಪ್ರಸಂಗವಾಗಿ ಕಾಣಬಹುದು. ನಾನು ಓದಿದ್ದು ಬಿ.ಎ. ತನಕ, ಸಂಶೋಧಕನಲ್ಲ. ಆದರೆ ಕಾಸರಗೋಡು ಸೀಮೆಯಲ್ಲಿ ಇಪ್ಪತ್ತು ವರ್ಷ ಬ್ಯಾಂಕಿನ ಮೇಜಿನ ಮುಂದೆ ಕುಳಿತವನಿಗೆ ಎರಡು ಬಗೆಯ ಆಕರಗಳು ತಾವಾಗಿಯೇ ಒದಗಿಬರುತ್ತವೆ. ಒಂದು, ಮನೆ ಸಾಲಕ್ಕಾಗಿ ಜನರು ತಂದೊಪ್ಪಿಸುವ ಹಳೆಯ ದಸ್ತಾವೇಜುಗಳು. ಇನ್ನೊಂದು, ಪಿಂಚಣಿಯ ದಿನ ಬೆಂಚಿನ ಮೇಲೆ ಸರದಿ ಕಾಯುತ್ತ ಕುಳಿತ ಹಿರಿಯರ ಮಾತು. ಮೊದಲನೆಯದು ಮನೆ ಯಾರದೆಂದು ಹೇಳುತ್ತದೆ. ಎರಡನೆಯದು ಆ ಮನೆಯಲ್ಲಿ ಬದುಕುವುದು ಹೇಗಿತ್ತು, ಈಗ ಹೇಗಿದೆ ಎಂಬುದನ್ನು ಹೇಳುತ್ತದೆ.

1956ರ ನವೆಂಬರ 1ರಂದು ಕೇರಳಕ್ಕೆ ಸೇರುವ ತನಕ ಕಾಸರಗೋಡು ತಾಲೂಕು ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆದುದರಿಂದ ಅದಕ್ಕೂ ಹಿಂದಿನ ದಸ್ತಾವೇಜುಗಳು ನಮ್ಮಲ್ಲಿ ಬಹುಮಟ್ಟಿಗೆ ಕನ್ನಡದಲ್ಲಿಯೇ ಇವೆ. ಕಿರಿಯ ಸಹೋದ್ಯೋಗಿಗಳಿಗೆ ಆ ಕೂಡುಬರಹ ತಿಳಿಯದ ಕಾರಣ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೆಲವು ವರ್ಷಗಳ ಹಿಂದೆ ಹಾಗೆ ಓದಿದ ಒಂದು ಪಾಲುಪಟ್ಟಿಯನ್ನು ಮರೆಯಲಾರೆ. ಮೂವರು ಅಣ್ಣತಮ್ಮಂದಿರು ತೋಟ, ಗದ್ದೆ, ಮನೆಯನ್ನು ಹಂಚಿಕೊಂಡಿದ್ದರು. ಕೊನೆಯಲ್ಲಿ ತಾಯಿಯ ಬಗ್ಗೆ ನಾಲ್ಕು ಸಾಲುಗಳಿದ್ದವು. ಆಕೆ ಜೀವಿಸಿರುವಷ್ಟು ಕಾಲ ಪಡುಬದಿಯ ಕೋಣೆಯಲ್ಲಿ ವಾಸ ಮಾಡಬಹುದು. ಬಾವಿಯಿಂದ ನೀರು ತರುವುದಕ್ಕೂ ಬಚ್ಚಲಿಗೆ ಹೋಗಿಬರುವುದಕ್ಕೂ ಅಂಗಳದಲ್ಲಿ ನಡೆಯುವುದಕ್ಕೂ ಯಾರೂ ಅಡ್ಡಿಪಡಿಸಕೂಡದು. ಮನೆ ಯಾರ ಪಾಲಿಗೆ ಬಂದಿದೆಯೋ ಅವರು ಆ ಕೋಣೆಯ ಬಾಗಿಲನ್ನು ಮುಚ್ಚಕೂಡದು. ಅಷ್ಟೇ. ಒಬ್ಬ ಮುದುಕಿಗೆ ಮನೆಯಲ್ಲಿ ಏನೇನು ಬೇಕು ಎಂಬುದನ್ನು ಇಷ್ಟು ಸರಿಯಾಗಿ ಬರೆದ ಇನ್ನೊಂದು ಕಾಗದವನ್ನು ನಾನು ಕಂಡಿಲ್ಲ.

ಅದನ್ನು ಓದಿದ ವರ್ಷವೇ ನನ್ನ ಅಮ್ಮ, ನಾನು ಸಾಲ ಮಾಡಿ ಕಟ್ಟಿಸಿದ ಮನೆಯ ಬಚ್ಚಲಿನಲ್ಲಿ ಜಾರಿ ಬಿದ್ದರು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಿರಿಯರು ಮನೆಯಲ್ಲಿ ಭದ್ರತೆ ಎಂದು ಯಾವುದನ್ನು ಕರೆಯುತ್ತಾರೆ? ಅನುಕೂಲ ಎಂದು ಯಾವುದನ್ನು? ನಾವು ಅವರಿಗಾಗಿ ಕಟ್ಟಿಸಿದ್ದು ಅದನ್ನೇ ಏನು? ಈ ಗಡಿನಾಡಿನ ಮನೆಯ ನೂರೈವತ್ತು ವರ್ಷಗಳ ಬದಲಾವಣೆಯನ್ನು ಆ ಪ್ರಶ್ನೆಯ ಬೆಳಕಿನಲ್ಲಿ ನೋಡುವ ಒಂದು ಸಣ್ಣ ಪ್ರಯತ್ನವಿದು.

ಮುಳಿಮಾಡಿನ ಕೆಳಗೆ

ಘಟ್ಟದ ಮೇಲಿನ ಹಳ್ಳಿಗಳಂತೆ ನಮ್ಮಲ್ಲಿ ಗೋಡೆಗೆ ಗೋಡೆ ತಾಗಿದ ಕೇರಿಗಳು ಕಡಿಮೆ. ತೋಟದ ಬದಿಯಲ್ಲೊಂದು ಮನೆ. ತೋಡು ದಾಟಿ ಗುಡ್ಡೆ ಹತ್ತಿದರೆ ಮತ್ತೊಂದು. ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಂದು ಮನೆಯೊಳಗಿನ ಮಾತು ಬೇರೆಯಾದರೂ ಈ ಬಿಡಿಬಿಡಿಯಾದ ವಾಸ ಎಲ್ಲರಿಗೂ ಒಂದೇ. ಹೀಗಾಗಿ ನೆರೆಮನೆ ಎಂದರೆ ಕೂಗಿದರೆ ಕೇಳುವ ಮನೆ. ದೂರವನ್ನು 'ಒಂದು ಕೂಗಳತೆ' ಎಂದು ಹೇಳುವುದು ಹಿರಿಯರಿಗೆ ಇಂದಿಗೂ ಸಹಜ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಹಿರಿಯರ ಭದ್ರತೆಯ ಅಳತೆಗೋಲು ಅದೇ ಎಂಬುದು ನನ್ನ ತಿಳುವಳಿಕೆ.

ನನ್ನ ಅಜ್ಜಿ ಮದುವೆಯಾಗಿ ಬಂದ ಮನೆಗೆ ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು. ಕರಾವಳಿಯ ಹತ್ತಿರದವರು ತೆಂಗಿನ ಮಡಲನ್ನು ಹೆಣೆದು ಹೊದೆಸುತ್ತಿದ್ದರು. ಒಳನಾಡಿನವರು ಗುಡ್ಡೆಯಿಂದ ಮುಳಿ ಕೊಯ್ದು ತರುತ್ತಿದ್ದರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುವ ಊರು ಇದು. ಗಾಳಿಮಳೆ ಒಳಗೆ ಹೊಡೆಯಬಾರದೆಂದು ಮಾಡಿನ ಅಂಚು ಎದೆಯೆತ್ತರಕ್ಕೆ ಇಳಿದಿರುತ್ತಿತ್ತು. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ತಲೆ ತಗ್ಗಿಸಿ ಕಾಲು ಎತ್ತಿ ಒಳಗೆ ಬರಬೇಕು. ಇದನ್ನು ವಿನಯದ ಪಾಠವೆಂದು ವಿವರಿಸುವವರಿದ್ದಾರೆ. ಅಜ್ಜಿಯ ವಿವರಣೆ ಸರಳವಾಗಿತ್ತು: ಹೊಸ್ತಿಲು ಎತ್ತರವಿದ್ದರೆ ಹಾವು ಒಳಗೆ ಬರುವುದಿಲ್ಲ, ಅಂಬೆಗಾಲಿನ ಮಗು ಹೊರಗೆ ಹೋಗುವುದಿಲ್ಲ. ಹೊಸ್ತಿಲು ಎಡವಿ ಬಿದ್ದ ಮುದುಕರ ಲೆಕ್ಕ ಆ ವಿವರಣೆಯಲ್ಲಿ ಇರಲಿಲ್ಲ.

ಆ ಕಾಲದ ದೊಡ್ಡ ಭಯ ಬೆಂಕಿಯದು. ಮೀನಮಾಸದ ಬಿಸಿಲಿಗೆ ಒಣಗಿದ ಮುಳಿಗೆ ಒಂದು ಕಿಡಿ ಸಾಕು. ಅನುಕೂಲವಂತರ ಮನೆಗಳಲ್ಲಿ ಇದಕ್ಕೊಂದು ಉಪಾಯವಿತ್ತು. ನಡುಕೋಣೆಗೆ ಮರದ ಮುಚ್ಚಿಗೆ ಮಾಡಿ ಅದರ ಮೇಲೆ ಮಣ್ಣು ಹಾಸುತ್ತಿದ್ದರು. ಮಾಡು ಹೊತ್ತಿ ಉರಿದರೂ ಒಳಗಿನ ಭತ್ತ, ಪಾತ್ರೆ, ಪೆಟ್ಟಿಗೆ ಉಳಿಯುತ್ತಿದ್ದವು. ಏಳಲಾರದ ಮುದುಕರನ್ನೂ ಬಾಣಂತಿಯರನ್ನೂ ಆ ಕೋಣೆಯಲ್ಲೇ ಮಲಗಿಸುತ್ತಿದ್ದರಂತೆ. ಮಲಯಾಳದ ನೆರೆಯವರು 'ಪಡಿಞ್ಞಾಟ' ಎಂದು ಕರೆಯುವ ಪಡುವಣ ಕೋಣೆಗೂ ಅಂಥದೇ ಗೌರವವಿತ್ತು. ದೇವರು, ದೀಪ, ಹಿರಿಯರು, ಬೆಲೆಬಾಳುವ ವಸ್ತು ಎಲ್ಲವೂ ಅಲ್ಲಿ.

ಆದರೆ ಹಳೆಯದನ್ನು ಹೊಗಳುವ ಉತ್ಸಾಹದಲ್ಲಿ ಕಷ್ಟಗಳನ್ನು ಮರೆಯಬಾರದು. ಮಳೆಗಾಲದಲ್ಲಿ ಅಂಗಳವೆಲ್ಲ ಹಾವಸೆ ಕಟ್ಟಿ ಜಾರುತ್ತಿತ್ತು. ಬಚ್ಚಲಿನ ತನಕ ಅಡಕೆ ಮರದ ಸೀಳುಗಳನ್ನೋ ಮಡಲನ್ನೋ ಹಾಸಿ ಅದರ ಮೇಲೆ ನಡೆಯಬೇಕಿತ್ತು. ಕಕ್ಕುಸು ಎಂಬುದು ಇರಲೇ ಇಲ್ಲ. ಗಂಡಸರು ಹೊತ್ತು ಮೂಡುವ ಮುಂಚೆ ಗುಡ್ಡೆಗೆ ಹೋಗುತ್ತಿದ್ದರು. ಹೆಂಗಸರು ಕತ್ತಲಾಗುವುದನ್ನು ಕಾಯುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು ಸಂಜೆ ನೀರು ಕುಡಿಯುವುದನ್ನೇ ಬಿಡುತ್ತಿದ್ದಳು, ರಾತ್ರಿ ಏಳಬೇಕಾದೀತೆಂಬ ಭಯಕ್ಕೆ. ಅಡಿಗೆಮನೆಯ ಹೊಗೆಗೆ ಕಣ್ಣು ಹೋದವರು, ಹೊಳೆ ತುಂಬಿ ಸಂಕ ದಾಟಲಾರದೆ ವೈದ್ಯರಿಲ್ಲದೆ ತೀರಿಹೋದವರು ಎಷ್ಟು ಜನ ಎಂದು ಯಾರೂ ಬರೆದಿಟ್ಟಿಲ್ಲ.

ಇನ್ನೊಂದು ಮಾತು. ಜಗುಲಿಯ ಸುಖ ಅಜ್ಜನದು. ತಂಪು, ಬೆಳಕು, ದಾರಿಯಲ್ಲಿ ಹೋಗುವವರ ಮಾತು, ವೀಳ್ಯದ ತಟ್ಟೆ ಎಲ್ಲ ಅಲ್ಲಿ. ಮಲಯಾಳದಲ್ಲಿ 'ಕೋಲಾಯ' ಎಂದರೂ ಅದೇ. ಅಜ್ಜಿಯ ಜಾಗ ಹಿಂಬದಿಯ ಕತ್ತಲೆ. ಹಿರಿಯರಿಗೆ ಮನೆಯಲ್ಲಿ ಗೌರವವಿತ್ತು ಎಂದು ನಾವು ಹೇಳುವಾಗ ಯಾವ ಹಿರಿಯರಿಗೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹಾಗಿದ್ದರೂ ಆ ಮನೆಗಳಲ್ಲಿ ಮುದಿಮೈಯ ಬಗ್ಗೆ ಒಂದು ತಿಳುವಳಿಕೆ ಇತ್ತು. ಅಜ್ಜಿ ಮಲಗುವಲ್ಲಿ ತೊಲೆಯಿಂದ ಒಂದು ಹಗ್ಗ ಇಳಿಬಿಟ್ಟಿದ್ದರು. ಅದನ್ನು ಹಿಡಿದು ಏಳುತ್ತಿದ್ದರು. ನೆಲಕ್ಕೆ ಸೆಗಣಿ ಸಾರಿಸುತ್ತಿದ್ದುದರಿಂದ ಕಾಲು ಜಾರುತ್ತಿರಲಿಲ್ಲ. ಬಾಯಾರು, ಪೈವಳಿಕೆ, ಎಣ್ಮಕಜೆಗಳ ಕಡೆ ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದ ಸುರಂಗಗಳಿವೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲದ ಈ ಸುರಂಗದ ಕೊನೆಯಲ್ಲಿ ಜಿನುಗುವ ನೀರು ಅಡಕೆ ಮರದ ದಂಬೆಯಲ್ಲಿ ಹರಿದು ತಾನಾಗಿ ಅಂಗಳಕ್ಕೆ ಬರುತ್ತದೆ. ಸೇದುವುದು ಬೇಡ, ಎತ್ತುವುದು ಬೇಡ. ಬಾವಿಯಿಂದ ಕೊಡಪಾನ ಹೊತ್ತು ಸೊಂಟ ಬಿದ್ದ ಹೆಂಗಸಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದು? ಸುರಂಗದ ಬಗ್ಗೆ ಬರೆದವರು ನೀರಾವರಿಯ ಮಾತನ್ನು ಹೇಳುತ್ತಾರೆ. ಬೆಂಚಿನ ಮೇಲಿನ ಅಜ್ಜಿಯಂದಿರು ಸೊಂಟದ ಮಾತನ್ನು ಹೇಳುತ್ತಾರೆ.

ಹಂಚು ಬಂದಾಗ

1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ನೇತ್ರಾವತಿ ದಂಡೆಯ ಆವೆಮಣ್ಣಿನಿಂದ ಮಾಡಿದ, ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಆ ಕೆಂಪು ಹಂಚು ಈ ಕರಾವಳಿಯ ಮನೆಯ ರೂಪವನ್ನೇ ಬದಲಿಸಿತು. 1907ರ ಹೊತ್ತಿಗೆ ರೈಲು ಮಂಗಳೂರಿನ ತನಕ ಬಂದ ಮೇಲೆ ಸಾಗಾಟವೂ ಸುಲಭವಾಯಿತು. ಮೊದಲು ಸರಕಾರಿ ಕಟ್ಟಡ, ಇಗರ್ಜಿ, ದೇವಸ್ಥಾನ, ಜಮೀನುದಾರರ ಮನೆ; ಬಹಳ ತಡವಾಗಿ ಸಾಧಾರಣ ಒಕ್ಕಲುಗಳ ಮನೆ. ನಮ್ಮ ಮನೆಗೆ ಹಂಚು ಬಂದದ್ದು ನನ್ನ ಅಮ್ಮ ಸೊಸೆಯಾಗಿ ಬಂದ ನಂತರ.

ಹಂಚಿನಿಂದ ಹಿರಿಯರಿಗೆ ಸಿಕ್ಕಿದ್ದೇನು? ಬೆಂಕಿಯ ಭಯ ಹೋಯಿತು. ವರ್ಷ ವರ್ಷ ಮುಳಿ ಹೊದೆಸುವ ಚಿಂತೆ ತಪ್ಪಿತು. ಇದು ಸಣ್ಣ ಮಾತಲ್ಲ. ಮಾಡಿಗೆ ಹತ್ತಲಾರದ, ಆಳು ಇಡಲು ಹಣವಿಲ್ಲದ ಒಂಟಿ ಮುದುಕಿಗೆ ಮೇ ತಿಂಗಳೆಂದರೆ ಎದೆಬಡಿತ. ಮತ್ತೆ ಬೆಳಕು ಬಂತು. ಹಂಚಿನ ನಡುವೆ ಒಂದೆರಡು ಗಾಜಿನ ಹಂಚು ಇಟ್ಟರೆ ನಡುಹಗಲಲ್ಲೂ ಕತ್ತಲೆಯಾಗಿದ್ದ ಒಳಕೋಣೆಯಲ್ಲಿ ಅಕ್ಕಿಯ ಕಲ್ಲು ಆರಿಸಬಹುದಾಯಿತು. ಅಜ್ಜಿ ತಮ್ಮ ಜೀವನದ ಅತಿ ದೊಡ್ಡ ಅನುಕೂಲವೆಂದು ಎಣಿಸಿದ್ದು ಕರೆಂಟನ್ನಲ್ಲ, ಆ ಒಂದು ಗಾಜಿನ ಹಂಚನ್ನು. "ಅದು ಬಂದ ಮೇಲೆ ನನಗೆ ಮುಖ ಕಂಡಿತು" ಎಂದು ಹೇಳುತ್ತಿದ್ದರು. ಯಾರ ಮುಖ ಎಂದು ನಾನು ಕೇಳಿರಲಿಲ್ಲ.

ಹಂಚಿನ ಮನೆಗೆ ಇನ್ನೊಂದು ಗುಣವಿತ್ತು. ಅದು ಇದ್ದಾಗ ಯಾರೂ ಗಮನಿಸಲಿಲ್ಲ. ಗೋಡೆ ಮಾಡಿನ ತನಕ ಮುಟ್ಟುತ್ತಿರಲಿಲ್ಲ. ಕೋಣೆ ಕೋಣೆಗಳ ನಡುವೆ ಮೇಲ್ಗಡೆ ಬಯಲು. ಕಿಟಕಿಗೆ ಗಾಜಿಲ್ಲ, ಮರದ ದಳಿ. ಒಳಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ಚಾವಡಿಗೆ ಕೇಳುತ್ತಿತ್ತು. ಅಂಗಳದಲ್ಲಿ ನಿಂತು ಕೂಗಿದರೆ ತೋಡಿನಾಚೆಯ ಮನೆಯವರು ಓಗೊಡುತ್ತಿದ್ದರು. ಗಂಡಹೆಂಡಿರಿಗೆ ಏಕಾಂತವಿಲ್ಲದ ಮನೆ ಎಂಬುದು ನಿಜ. ಆದರೆ ಮುದುಕರು ಒಬ್ಬರೇ ಬಿದ್ದಿರುವ ಮನೆಯೂ ಅದಾಗಿರಲಿಲ್ಲ.

ಒಕ್ಕಲೆಬ್ಬಿಸುವ ಭಯ

ಇಷ್ಟು ಹೊತ್ತು ಸ್ವಂತ ಮನೆಯಿದ್ದವರ ಮಾತನ್ನು ಹೇಳಿದೆ. ಮನೆಯೇ ತಮ್ಮದಲ್ಲದವರ ಭದ್ರತೆಯ ಚರಿತ್ರೆ ಬೇರೆ.

ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನವಿದ್ದುದು ಹಿರಿಯರಿಗೆಲ್ಲ ಗೊತ್ತು. ಮೂಲಗೇಣಿಯವನ ಹಕ್ಕು ಶಾಶ್ವತ. ಚಾಲಗೇಣಿಯವನನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. ನಾಳೆ ಬಿಡಬೇಕಾಗಬಹುದಾದ ನೆಲದಲ್ಲಿ ಯಾರು ಕಲ್ಲಿನ ಗೋಡೆ ಕಟ್ಟುತ್ತಾರೆ? ಹಂಚು ಮಾರುಕಟ್ಟೆಯಲ್ಲಿ ಸಿಗುವಂತಾಗಿ ಎಷ್ಟೋ ದಶಕಗಳ ಮೇಲೂ ಒಕ್ಕಲುಗಳ ಮನೆಯ ಮೇಲೆ ಮುಳಿಯೇ ಉಳಿದದ್ದಕ್ಕೆ ಬಡತನವೊಂದೇ ಕಾರಣವಲ್ಲ. ಒಕ್ಕಲಿನ ಬದಿಯಲ್ಲಿ ಗುಡಿಸಲು ಹಾಕಿಕೊಂಡ ಕೂಲಿಯವರ ಪಾಡಂತೂ ಹೇಳುವಂತಿಲ್ಲ. ಅಲ್ಲಿ ಮುಪ್ಪು ಎಂದರೆ ದುಡಿಯಲಾರದ ಸ್ಥಿತಿ. ದುಡಿಯಲಾರದವನಿಗೆ ಗುಡಿಸಲಿನ ಆಸೆ ಯಾಕೆ ಎಂದು ಕೇಳುವ ಧಣಿಗಳಿದ್ದರು.

ಕೇರಳದ 1963ರ ಭೂಸುಧಾರಣಾ ಕಾನೂನು 1969ರಲ್ಲಿ ತಿದ್ದುಪಡಿಯಾಗಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡಿತು. ಗುಡಿಸಲಿನ ವಾಸಿಗಳಿಗೆ, ಅಂದರೆ ಕುಡಿಕಿಡಪ್ಪುಕಾರರಿಗೆ, ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸಿನ ತನಕ ನೆಲದ ಹಕ್ಕು ದೊರೆಯಿತು. ಪಿಂಚಣಿಗೆ ಬರುವ ಒಬ್ಬ ಅಜ್ಜಿ ಇದ್ದರು. ಹತ್ತು ವರ್ಷ ಪ್ರಾಯದಿಂದ ಬೀಡಿ ಕಟ್ಟಿದವರು, ಅಕ್ಷರ ಬಾರದವರು. ಹಕ್ಕುಪತ್ರ ಬಂದ ರಾತ್ರಿ ತಮ್ಮ ಅಪ್ಪ ಏನು ಮಾಡಿದರೆಂದು ನನಗೆ ಹೇಳಿದ್ದರು. ಅವರು ಗುಡಿಸಲಿನ ಸುತ್ತ ನಡೆದು ನಾಲ್ಕು ಮೂಲೆಗೂ ಒಂದೊಂದು ಕಲ್ಲು ಇಟ್ಟು, ಬಂದು, ಬಾಗಿಲು ತೆರೆದಿಟ್ಟೇ ಮಲಗಿದರಂತೆ. "ಬಾಗಿಲು ಹಾಕುವ ಭಯ ಅಂದು ಹೋಯಿತು" ಎಂಬುದು ಆ ಅಜ್ಜಿಯ ಮಾತು. ಭದ್ರತೆ ಎಂದರೆ ಗಟ್ಟಿ ಬಾಗಿಲು ಎಂದು ನಂಬಿದ ನಮ್ಮಂಥವರು ಇದನ್ನು ಯೋಚಿಸಬೇಕು.

1972ರಲ್ಲಿ ಎಂ.ಎನ್. ಗೋವಿಂದನ್ ನಾಯರ್ ಅವರು ವಸತಿ ಸಚಿವರಾಗಿದ್ದಾಗ 'ಲಕ್ಷಂವೀಡು' ಯೋಜನೆ ಆರಂಭವಾಯಿತು. ಎರಡು ಕುಟುಂಬಗಳಿಗೆ ನಡುವೆ ಒಂದೇ ಗೋಡೆಯಿರುವ ಜೋಡಿಮನೆಗಳು ಎಷ್ಟೋ ಕಡೆ ಎದ್ದವು. ಇಕ್ಕಟ್ಟು, ಜಗಳ, ಸೋರುವ ಮಾಡು ಎಂದು ಅವುಗಳ ಬಗ್ಗೆ ದೂರುಗಳು ಬೇಕಾದಷ್ಟಿವೆ, ಅವು ಸುಳ್ಳಲ್ಲ. ಆದರೆ ಅಲ್ಲಿ ಮುದುಕರಾದವರು ಹೇಳುವುದು ಇನ್ನೊಂದು: ರಾತ್ರಿ ಗೋಡೆಗೆ ಬಡಿದರೆ ಆಚೆಯವರು ಏಳುತ್ತಿದ್ದರು. 1980ರಲ್ಲಿ ಕೃಷಿಕಾರ್ಮಿಕರ ಪಿಂಚಣಿ ಬಂದಾಗ ತಿಂಗಳಿಗೆ ಸಿಗುತ್ತಿದ್ದುದು 45 ರೂಪಾಯಿ. ಆ ಹಣಕ್ಕಿಂತ, ತನ್ನ ಹೆಸರಿಗೆ ಒಂದು ಕಾಗದ ಬರುತ್ತದೆ ಎಂಬುದೇ ಸೊಸೆಯ ಮುಂದೆ ಅತ್ತೆಗೆ ಬಲವಾಯಿತೆಂದು ಕೇಳಿದ್ದೇನೆ.

ಅದೇ ದಶಕದಲ್ಲಿ ದೊಡ್ಡ ಮನೆಗಳೂ ಒಡೆದವು. ಅಳಿಯಸಂತಾನ, ಮರುಮಕ್ಕತ್ತಾಯದ ಕುಟುಂಬಗಳಲ್ಲಿ ಹೆಣ್ಣಿಗೆ ತಾಯಿಮನೆಯಲ್ಲಿ ಜೀವಮಾನದ ವಾಸವಿತ್ತು. ವಿಧವೆಯಾದರೂ ಅವಳ ಕೋಣೆ ಅವಳಿಗೆ. ಕೇರಳದ ಹಿಂದೂ ಅವಿಭಕ್ತ ಕುಟುಂಬ ರದ್ದತಿ ಕಾನೂನು 1976ರ ಡಿಸೆಂಬರ 1ರಿಂದ ಜಾರಿಗೆ ಬಂದ ಮೇಲೆ ಪಾಲು ಸೆಂಟ್ಸುಗಳ ಲೆಕ್ಕದಲ್ಲಿ ಕೈಗೆ ಬಂತು. ಎಷ್ಟೋ ತರವಾಡು ಮನೆಗಳನ್ನು ಬಿಚ್ಚಿ ತೊಲೆ, ಕಂಬಗಳನ್ನು ಮಾರಿದರು. ಬಿಡುಗಡೆ ಎಂದು ಸಂತೋಷಪಟ್ಟ ಕಿರಿಯರಿದ್ದರು, ಅದು ನ್ಯಾಯವೇ. ಎಪ್ಪತ್ತರ ಮುದುಕಿಗೆ ಸಿಕ್ಕಿದ್ದು ಮನೆಯಿಲ್ಲದ ಮೂವತ್ತು ಸೆಂಟ್ಸು.

ತಾರಸಿಯ ಕಾಲ

1970ರ ದಶಕದಿಂದ ಗಲ್ಫಿಗೆ ಹೋದವರ ಹಣ ಬರತೊಡಗಿತು. ಮುಂದೆ ಬ್ಯಾಂಕುಗಳ ಮನೆ ಸಾಲ ಸುಲಭವಾಯಿತು. ಕಾಂಕ್ರೀಟಿನ ತಾರಸಿ, ಎರಡು ಅಂತಸ್ತು, ಹೊಳೆಯುವ ಟೈಲ್ಸು, ಕೋಣೆಗೊಂದು ಬಚ್ಚಲು, ಸುತ್ತ ಎತ್ತರದ ಮುರಕಲ್ಲಿನ ಆವರಣ ಗೋಡೆ, ಕಬ್ಬಿಣದ ಗೇಟು. ಇವೆಲ್ಲ ಇಂದು ಊರೆಲ್ಲ ಕಾಣುವ ಮನೆ. ಕಕ್ಕುಸು ಮನೆಯೊಳಗೆ ಬಂದದ್ದು ಹಿರಿಯ ಹೆಂಗಸರ ಮಟ್ಟಿಗೆ ಭೂಸುಧಾರಣೆಯಷ್ಟೇ ದೊಡ್ಡ ಸುಧಾರಣೆ ಎಂದರೆ ತಪ್ಪಾಗದು. ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಬೆಳಕು, ಹೊಗೆಯಿಲ್ಲದ ಅಡಿಗೆಮನೆ. ಯಾವ ಅಜ್ಜಿಯೂ ಮುಳಿಮನೆಗೆ ಹಿಂದಿರುಗಲು ಬಯಸಿದ್ದನ್ನು ನಾನು ಕಾಣೆ.

ಆದರೆ ಈ ಮನೆಗಳನ್ನು ಕಟ್ಟಿಸಿದವರು ನಲವತ್ತರ ಒಳಗಿನವರು. ಅವುಗಳಲ್ಲಿ ವಾಸವಾಗಿ ಉಳಿದವರು ಅರುವತ್ತು ದಾಟಿದವರು. 2011ರ ಜನಗಣತಿಯಲ್ಲಿ ಅರುವತ್ತು ಮೀರಿದವರು ಭಾರತದಲ್ಲಿ ಶೇಕಡಾ 8.6 ಇದ್ದರೆ ಕೇರಳದಲ್ಲಿ 12.6. ಬಹರೈನಿನಲ್ಲಿಯೋ ಬೆಂಗಳೂರಿನಲ್ಲಿಯೋ ಮಕ್ಕಳು. ಇಲ್ಲಿ ಐದು ಕೋಣೆಯ ಮನೆಯಲ್ಲಿ ಇಬ್ಬರು, ಕೆಲವು ಕಡೆ ಒಬ್ಬರೇ. ಮೇಲಿನ ಅಂತಸ್ತಿಗೆ ಬೀಗ. ಒಬ್ಬ ನಿವೃತ್ತ ಮಾಸ್ಟ್ರು ಹೇಳಿದರು: "ಮಗ ಮನೆಗೆ ನಾಲ್ಕು ಕ್ಯಾಮರಾ ಇರಿಸಿದ್ದಾನೆ. ನಾನು ಬೀಳುವುದನ್ನು ದುಬೈಯಲ್ಲಿ ಕೂತು ನೋಡಬಹುದು. ಎತ್ತಲು ಬರುವುದು ಯಾರು?"

ನನ್ನ ಮನೆಯೂ ಇಂಥದೇ. ಬ್ಯಾಂಕಿನ ನೌಕರನಿಗೆ ಸಿಗುವ ಸಾಲದಲ್ಲಿ ಕಟ್ಟಿಸಿದೆ. ಅಮ್ಮನಿಗೆಂದು ಕೆಳಗಡೆ ಕೋಣೆ, ಅದಕ್ಕೆ ತಾಗಿ ಬಚ್ಚಲು. ಅಂಗಡಿಯವನು ತೋರಿಸಿದ ಟೈಲ್ಸುಗಳಲ್ಲಿ ನಾನು ಆರಿಸಿದ್ದು ಅತಿ ಹೊಳೆಯುವಂಥದ್ದನ್ನು. ಕೊಳೆ ಕೂರದು ಎಂಬ ಲೆಕ್ಕ. ಕಿಟಕಿಗೆ ಗಾಜು, ಸೊಳ್ಳೆಯ ಬಲೆ. ಕಳ್ಳಕಾಕರ ಭಯಕ್ಕೆ ಆರಡಿ ಎತ್ತರದ ಆವರಣ. ಅಮ್ಮನ ಅಭಿಪ್ರಾಯ ಕೇಳಿದ್ದೆನೇ ಎಂದರೆ, ಬಣ್ಣ ಯಾವುದಾಗಬಹುದು ಎಂದು ಕೇಳಿದ್ದೆ.

ಒಂದು ಮಧ್ಯಾಹ್ನ ಅಮ್ಮ ಬಚ್ಚಲಿನಲ್ಲಿ ಬಿದ್ದರು. ನಾನು ಬ್ಯಾಂಕಿನಲ್ಲಿ, ಹೆಂಡತಿ ಶಾಲೆಯಲ್ಲಿ. ಬಾಗಿಲಿಗೆ ಒಳಗಿನಿಂದ ಚಿಲಕ. ನಮ್ಮ ಆವರಣಕ್ಕೆ ತಾಗಿಯೇ ಮಲಯಾಳ ಮಾತಾಡುವ ಒಬ್ಬ ಉಮ್ಮನ ಮನೆ. ಅವರ ಅಡಿಗೆಕೋಣೆಗೂ ಅಮ್ಮನ ಬಚ್ಚಲಿಗೂ ಮೂವತ್ತಡಿ ಅಂತರವಿರಬಹುದು. ಅಮ್ಮ ಕೂಗಿದರು. ನಮ್ಮ ಚಾವಡಿಯಲ್ಲಿ ಟಿ.ವಿ. ಮಾತಾಡುತ್ತಿತ್ತು, ಆಚೆ ಮಿಕ್ಸಿ ತಿರುಗುತ್ತಿತ್ತು. ನಾಲ್ಕು ಗಂಟೆಗೆ ಮಗಳು ಶಾಲೆಯಿಂದ ಬಂದು ಕರೆದಾಗ ಒಳಗಿನಿಂದ ಕ್ಷೀಣವಾಗಿ ಓಗೊಟ್ಟರಂತೆ. ಎರಡು ಗಂಟೆಗೂ ಹೆಚ್ಚು ಹೊತ್ತು ತಣ್ಣೆಲದಲ್ಲಿ ಮಲಗಿದ್ದರು. ಸೊಂಟದ ಎಲುಬು ಮುರಿದಿತ್ತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೂರನೆಯ ದಿನ ಅಮ್ಮ ಹೇಳಿದ ಮಾತು ಇಷ್ಟು: "ನೀನು ಮನೆ ಗಟ್ಟಿ ಕಟ್ಟಿಸಿದ್ದಿ ಮಗಾ. ನನ್ನ ಸ್ವರ ಹೊರಗೆ ಹೋಗುವುದಿಲ್ಲ."

ಅನಂತರ ನಾನು ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಬಚ್ಚಲಿಗೆ ಒರಟು ಟೈಲ್ಸು ಹಾಕಿಸಿದೆ, ಗೋಡೆಗೆ ಸ್ಟೀಲಿನ ಹಿಡಿ, ಎತ್ತರದ ಕಮೋಡು, ರಾತ್ರಿ ಉರಿಯುವ ಸಣ್ಣ ದೀಪ. ಹೊರಗಿನಿಂದಲೂ ತೆರೆಯಬಹುದಾದ ಬೀಗ. ಇವೆಲ್ಲ ಅಗತ್ಯ, ಮನೆ ಕಟ್ಟಿಸುವ ಕಿರಿಯರು ಮೊದಲೇ ಇವನ್ನು ಲೆಕ್ಕಕ್ಕೆ ಹಿಡಿದರೆ ಖರ್ಚು ಬಹಳವಿಲ್ಲ. ಅಮ್ಮ ಹಿಡಿಯನ್ನು ಹಿಡಿಯುತ್ತಾರೆ. ಆದರೆ ಅದನ್ನು ಭದ್ರತೆ ಎಂದು ಅವರು ಕರೆಯುವುದಿಲ್ಲ, "ಸಲಕರಣೆ" ಎನ್ನುತ್ತಾರೆ.

ಕೂಗಿನ ಭಾಷೆ

ಕೂಗಳತೆಯೆಂದರೆ ಸ್ವರ ಮುಟ್ಟುವ ದೂರ ಮಾತ್ರವಲ್ಲ. ಕೂಗಿದ್ದು ಅರ್ಥವಾಗುವ ದೂರವೂ ಹೌದು. ಗಡಿನಾಡಿನ ಹಿರಿಯರಿಗೆ ಇಲ್ಲೊಂದು ಬೇರೆಯೇ ತೊಡಕು. ಆಪತ್ತಿಗೆ ಫೋನು ಮಾಡಿದರೆ ಆ ಕಡೆಯಿಂದ ಬರುವುದು ಮಲಯಾಳ. ಕನ್ನಡ ಅಥವಾ ತುಳು ಮಾತ್ರ ಬಲ್ಲ ಎಂಬತ್ತರ ಅಜ್ಜಿ ಗಾಬರಿಯಲ್ಲಿ ಮನೆಯ ದಾರಿಯನ್ನು ಹೇಗೆ ಹೇಳಬೇಕು? ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾನೂನು ಹೇಳುತ್ತದೆ. ಬಿದ್ದವರು ಪತ್ರ ಬರೆಯುವುದಿಲ್ಲ.

ಗಡಿಯ ಇನ್ನೊಂದು ಬದಿಯನ್ನೂ ಮರೆಯುವಂತಿಲ್ಲ. ನಮಗೆ ದೊಡ್ಡ ಆಸ್ಪತ್ರೆ ಎಂದರೆ ತಲೆತಲಾಂತರದಿಂದ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡಿನ ಭಯಕ್ಕೆ ತಲಪಾಡಿಯ ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಅಷ್ಟರಲ್ಲಿ ಚಿಕಿತ್ಸೆ ಸಿಗದೆ ಗಡಿಯೀಚೆ ಪ್ರಾಣ ಬಿಟ್ಟವರಲ್ಲಿ ಹಿರಿಯರೂ ಇದ್ದರು. 1956ರಲ್ಲಿ ನಕ್ಷೆಯ ಮೇಲೆ ಎಳೆದ ಗೆರೆ ಅಂದು ಅವರ ಅಂಗಳಕ್ಕೇ ಬಂತು.

ಆದರೆ ಕೂಗಿಗೆ ಓಗೊಟ್ಟವರ ಮಾತನ್ನೂ ಹೇಳಬೇಕು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಉಪಶಮನ ಚಿಕಿತ್ಸೆಯ ಚಳವಳಿ ಊರೂರಿಗೆ ಹಬ್ಬಿತು. 2008ರಲ್ಲಿ ಕೇರಳ ಸರಕಾರ ಅದನ್ನು ತನ್ನ ನೀತಿಯಾಗಿ ಅಂಗೀಕರಿಸಿತು. ಪಂಚಾಯತಿನ ದಾದಿ, ಊರಿನ ಸ್ವಯಂಸೇವಕರು ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ಅಮ್ಮನನ್ನು ನೋಡಲು ಬರುತ್ತಿದ್ದ ದಾದಿ ತೆಂಕಣ ಜಿಲ್ಲೆಯವರು, ಕನ್ನಡದ ಗಂಧವಿಲ್ಲ. ಮೊದಲ ದಿನ ಕಾಲನ್ನು ಮುಟ್ಟಿ 'ನೋವುಂಡೋ?' ಎಂದು ಕೇಳಿದರು. ನೋವು ಎಂಬ ಮಾತು ಎರಡೂ ಭಾಷೆಗಳಿಗೆ ಒಂದೇ. ಅಮ್ಮ ತಲೆಯಾಡಿಸಿದರು. ಮುಂದಿನದಕ್ಕೆ ಭಾಷೆ ಅಷ್ಟಾಗಿ ಬೇಕಾಗಲಿಲ್ಲ.

ಕಾಗದದ ಭದ್ರತೆ

ಬ್ಯಾಂಕಿನವನಾದ್ದರಿಂದ ಕಾಗದದ ಮಾತನ್ನು ಬಿಡಲಾರೆ. ಸ್ವಂತ ಮನೆಯಿರುವ ಹಿರಿಯರು ಅದನ್ನು ಅಡವಿಟ್ಟು, ಅಲ್ಲೇ ವಾಸವಿದ್ದು, ಬ್ಯಾಂಕಿನಿಂದ ತಿಂಗಳು ತಿಂಗಳು ಹಣ ಪಡೆಯುವ ಯೋಜನೆಯೊಂದು 2007ರಲ್ಲಿ ಬಂತು. ನಾನು ಕುಳಿತ ಮೇಜಿಗೆ ಅದನ್ನು ಕೇಳಿಕೊಂಡು ಬಂದವರಿಲ್ಲ. ನಾನೇ ವಿವರಿಸಿದಾಗ ಒಬ್ಬರು ನಕ್ಕು, "ಮನೆಯನ್ನು ತಿನ್ನುತ್ತ ಮನೆಯಲ್ಲಿ ಕೂರುವುದೇ?" ಎಂದರು. ಹಿರಿಯರಿಗೆ ಮನೆ ಹಣವಲ್ಲ. ಮಕ್ಕಳು ಒಮ್ಮೆ ಬಂದಾರು ಎಂಬ ನಂಬಿಕೆ.

ಅದೇ 2007ರಲ್ಲಿ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾನೂನು ಬಂತು. ಅದರ 23ನೆಯ ಕಲಮಿನಂತೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ದಾನ ಮಾಡಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ಆ ದಾನವನ್ನು ರದ್ದುಪಡಿಸಬಹುದು. ಆದರೆ ಮಕ್ಕಳ ಮುಂದೆ ಷರತ್ತು ಬರೆಸಲು ನಾಚಿಕೆ. 'ಮಗನ ಮೇಲೆ ನಂಬಿಕೆ ಇಲ್ಲವೇ?' ಎಂದು ಊರವರು ಕೇಳಿಯಾರು ಎಂಬ ಅಳುಕು. ಸಾಲದ ಕಡತಕ್ಕೆ ದಾನಪತ್ರ ಸೇರಿಸುವಾಗಲೆಲ್ಲ ನನಗೆ ಆ ಹಳೆಯ ಪಾಲುಪಟ್ಟಿ ನೆನಪಾಗುತ್ತದೆ. ಕೋಣೆ, ಬಾವಿ, ಬಚ್ಚಲು, ಅಂಗಳ, ಮುಚ್ಚದ ಬಾಗಿಲು. ನಾಲ್ಕು ಸಾಲು ಬರೆಸಲು ಆ ಅಣ್ಣತಮ್ಮಂದಿರು ನಾಚಿರಲಿಲ್ಲ. ಈಗ ಪರಿಚಯದ ಹಿರಿಯರು ಸಹಿ ಹಾಕುವ ಮುಂಚೆ ಬಂದು ಕೇಳಿದರೆ, ಆ ನಾಲ್ಕು ಸಾಲನ್ನು ಬರೆಸಿ ಎಂದು ಹೇಳುತ್ತೇನೆ.

ಕಳೆದ ತುಲಾಮಾಸದಲ್ಲಿ, ಮಳೆ ಬಿಟ್ಟ ಮೇಲೆ, ನಿನಗೆ ಈ ಮನೆಯಲ್ಲಿ ಇನ್ನೇನು ಬೇಕು ಎಂದು ಅಮ್ಮನನ್ನು ಕೇಳಿದೆ. ಬಣ್ಣದ ನಂತರ ನಾನು ಕೇಳಿದ ಮೊದಲ ಪ್ರಶ್ನೆ ಇದಾಗಿರಬೇಕು. ಅಮ್ಮ ತಡಮಾಡದೆ ಹೇಳಿದರು: ಉಮ್ಮನ ಅಡಿಗೆಕೋಣೆಯ ನೇರಕ್ಕೆ ಆವರಣದಲ್ಲೊಂದು ತಡಮೆ. ಹಳೆಯ ತೋಟಗಳಲ್ಲಿ ದನ ನುಗ್ಗದಂತೆ, ಮನುಷ್ಯರು ದಾಟುವಂತೆ ಇರುತ್ತಿತ್ತಲ್ಲ, ಅಂಥದು. ಉಮ್ಮನ ಮನೆಯವರನ್ನು ಕೇಳಿದಾಗ ಅವರು, "ನಾವೇ ಹೇಳಬೇಕೆಂದಿದ್ದೆವು ಮೋನೇ" ಎಂದರು.

ಒಬ್ಬ ಕೆಲಸದವನು ಅರ್ಧ ದಿನದಲ್ಲಿ ಕಲ್ಲು ಬಿಡಿಸಿ ದಾರಿ ಮಾಡಿಕೊಟ್ಟ. ಮನೆ ಸಾಲದ ಕಂತು ಇನ್ನೂ ಹಲವು ವರ್ಷ ಇದೆ. ಈಗ ಹನ್ನೊಂದು ಗಂಟೆಯ ಹೊತ್ತಿಗೆ ಉಮ್ಮ ಆ ದಾರಿಯಲ್ಲಿ ಬಂದು ಜಗುಲಿಯಲ್ಲಿ ಕೂರುತ್ತಾರೆ. ಅವರು ಮಲಯಾಳದಲ್ಲಿ, ಅಮ್ಮ ಕನ್ನಡದಲ್ಲಿ. ಬರದ ದಿನ ಅಮ್ಮ ಒಮ್ಮೆ ಕೂಗುತ್ತಾರೆ, ಅವರು ಓಗೊಡುತ್ತಾರೆ. ಟಿ.ವಿ.ಯನ್ನು ಆ ಹೊತ್ತಿಗೆ ಯಾರೂ ಹಾಕುವುದಿಲ್ಲ.